ಟೋಫು ಎಬ್ಬಿಸಿದ ಹಕ್ಕಿ

ಒದ್ದೆ ನಾಯಿಯ ವಾಸನೆಯೂ ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆಯೂ ಒಂದೇ ಗಾಳಿಯಲ್ಲಿ ಬಂದರೆ ನನಗೆ ಈಗಲೂ ಕಾಲು ಮುಂದೆ ಹೋಗುವುದಿಲ್ಲ. ಮೊನ್ನೆ ಸಿಂಗಪುರದ ರಾಫೆಲ್ಸ್ ಪ್ಲೇಸ್‌ನಲ್ಲಿ ಆಫೀಸಿನಿಂದ ಇಳಿದು ಬಂದಾಗ ಹಾಗೆಯೇ ಆಯಿತು. ಜನ ನನ್ನ ಪಕ್ಕದಿಂದ ಸರಿದು ಎಂಆರ್‌ಟಿ ರೈಲಿನ ಕಡೆ ಹೋಗುತ್ತಿದ್ದರು. ನಾನು ಮಾತ್ರ ಮತ್ತೆ ಚಿಕ್ಕ ಹುಡುಗಿಯಾಗಿ ವುಡ್‌ಲ್ಯಾಂಡ್ಸ್‌ನಲ್ಲಿ, ನಮ್ಮ ಕಾಂಡೊ ಕಟ್ಟಡದ ಹಿಂದಿನ ಬಯಲಿನಲ್ಲಿ, ಬಟ್ಟೆ ಒಣಹಾಕುವ ಹಗ್ಗ ಹಿಡಿದು ನಿಂತಿದ್ದೆ. ಹಗ್ಗದ ಆ ತುದಿಯಲ್ಲಿ ನಮ್ಮ ಸ್ಪಾನಿಯಲ್ ನಾಯಿ ಟೋಫು, ನನ್ನ ಹಿಂದೆ ಮಡಚಿದ ಕೊಡೆ ಹಿಡಿದ ತಾತ.

ತಾತ ಎಂದರೆ ಅಮ್ಮನ ಅಪ್ಪ, ಚಿತ್ರದುರ್ಗದ ಕಡೆಯವರು. ಹರೆಯದಲ್ಲಿ ಕುರುಚಲು ಕಾಡಿನಲ್ಲಿ ಇಂಥದೇ ನಾಯಿ ಕಟ್ಟಿಕೊಂಡು ಗೌಜಲಹಕ್ಕಿ ಹೊಡೆಯುತ್ತಿದ್ದರಂತೆ. ಬೇಟೆ ನಿಷೇಧವಾದಾಗ ಬಂದೂಕು ಬಿಟ್ಟರು, ಅಜ್ಜಿ ಹೋದ ಮೇಲೆ ಮಾಂಸ ಬಿಟ್ಟರು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಜೊತೆ ಇರಲು ಸಿಂಗಪುರಕ್ಕೆ ಬಂದರು. ಆಗಲೇ ಅವರ ಕಣ್ಣು ಅಂಚಿನಿಂದ ಮಬ್ಬಾಗುತ್ತಾ ಬರುತ್ತಿತ್ತು. ಹೋದ ದೃಷ್ಟಿ ಮರಳುವುದಿಲ್ಲ ಎಂದು ಇಲ್ಲಿನ ಡಾಕ್ಟರೂ ಹೇಳಿದರು. ಅದಕ್ಕೆ ತಾತನಿಗೆ ಒಂದೇ ಆಸೆ. ಪೂರ್ತಿ ಕತ್ತಲಾಗುವ ಮುಂಚೆ, ನಾಯಿಯ ಮೂತಿಯ ಮುಂದಿನಿಂದ ಒಂದು ಹಕ್ಕಿ ಭರ್ರನೆ ಏಳುವುದನ್ನು ಇನ್ನೊಮ್ಮೆ ನೋಡಬೇಕು. ಹೊಡೆಯುವುದು ಬೇಡ, ಎದ್ದರೆ ಸಾಕು.

ಹಕ್ಕಿ ಎಬ್ಬಿಸುವ ವಿದ್ಯೆ ಕೇಳಲು ಸುಲಭ. ನಾಯಿ ಗಾಳಿಗೆ ಎದುರಾಗಿ, ಮಗ್ಗದ ಲಾಳಿಯಂತೆ ಎಡಕ್ಕೂ ಬಲಕ್ಕೂ ಓಡಾಡುತ್ತಾ, ಹುಲ್ಲಿನಲ್ಲಿ ಅಡಗಿದ ಹಕ್ಕಿಯ ವಾಸನೆ ಹಿಡಿದು ನುಗ್ಗಬೇಕು. ಆದರೆ ಇಲ್ಲಿ ನಾಯಿಯನ್ನು ಬಿಚ್ಚಿ ಬಿಡುವಂತಿಲ್ಲ. ಹಾಗಾಗಿ ಟೋಫು ಹಗ್ಗದಲ್ಲೇ ಎಡಕ್ಕೆ ಹೋಗಿ ಬಲಕ್ಕೆ ಬರುವಷ್ಟರಲ್ಲಿ ತಾತನ ಎರಡೂ ಕಾಲು ಸೇರಿಸಿ ಕಟ್ಟಿರುತ್ತಿತ್ತು. ಅದು ಎಬ್ಬಿಸಿದ್ದೂ ಹಕ್ಕಿಯನ್ನಲ್ಲ: ಒಮ್ಮೆ ಪ್ಲಾಸ್ಟಿಕ್ ಚೀಲ, ಒಮ್ಮೆ ಮರದಡಿ ಮಲಗಿದ್ದ ಒಬ್ಬ ಅಂಕಲ್.

ಗಾಳಿಯ ದಿಕ್ಕು ತಿಳಿಯಲು ತಾತ ಮೊದಲು ಅಮ್ಮನ ಪೌಡರ್ ಉದುರಿಸಿ ನೋಡುತ್ತಿದ್ದರು. "ಅಪ್ಪಾ, ನಾಯಿಗೆ ಮೇಕಪ್ ಮಾಡಿಸ್ತಿದ್ದೀರಾ?" ಎಂದು ಅಮ್ಮ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮರುದಿನದಿಂದ ದೇವರ ಗೂಡಿನ ವಿಭೂತಿ ತಾತನ ಜೇಬು ಸೇರಿತು.

ಗಾಳಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ, ಬೆರಳ ಸಂದಿಯಿಂದ ವಿಭೂತಿ ಬಿಡುವ ಬಿಳಿಗಡ್ಡದ ಮುದುಕರನ್ನು ವಾಕಿಂಗಿಗೆ ಬಂದ ತಮಿಳು ಆಂಟಿಯೊಬ್ಬರು ನೋಡಿದರು. ಚಪ್ಪಲಿ ಕಳಚಿ, ಬಂದು ತಲೆ ಬಗ್ಗಿಸಿದರು. ತಾತನಿಗೆ ಗಾಳಿ ತಪ್ಪಿಹೋಗುವ ಆತುರ. ಹಣೆಗೆ ಒಂದು ಬೊಟ್ಟಿಟ್ಟು ಕಳಿಸಿದರು. ಮರುದಿನ ಆಂಟಿ ಗಂಡನನ್ನೂ ಮಗನನ್ನೂ ಕರೆತಂದರು. "ಸಾಮಿ, ಪೈಯನ್‌ಗೆ ಎಕ್ಸಾಮ್." ಮೂವರೂ ನಿಂತದ್ದು ನೇರ ಗಾಳಿಯ ಬಾಯಲ್ಲಿ. ಆಂಟಿಯ ಮಲ್ಲಿಗೆಯ ಪರಿಮಳವೆಲ್ಲ ಟೋಫುವಿನ ಮೂಗಿಗೆ ಬಡಿದು ಅದು ಸೀನತೊಡಗಿತು.

"ಗಾಳಿಗೆ ಅಡ್ಡ ನಿಲ್ಬೇಡ್ರೀ! ಈ ಕಡೆ ಬರ್ರೀ!" ಎಂದು ತಾತ ಗುಡುಗಿದರು.

"ಸಾಮಿ ಏನು ಹೇಳಿದರು?" ಎಂದು ಆಂಟಿ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆಯೇ ಅನುವಾದಿಸಿದೆ. ಬದುಕಿಗೆ ಬೇಕಾದ ದೊಡ್ಡ ಮಾತೆಂದು ಅವರು ಅದನ್ನು ಮಗನಿಂದ ಎರಡು ಸಲ ಹೇಳಿಸಿದರು. ಅಂದಿನಿಂದ ಬಂದವರೆಲ್ಲ ನಮ್ಮ ಹಿಂದೆ, ಗಾಳಿ ಹೋಗುವ ಕಡೆಯಲ್ಲಿ, ಶಿಸ್ತಾಗಿ ನಿಲ್ಲುತ್ತಿದ್ದರು.

ಹೀಗೆ ತಿಂಗಳುಗಳು ಹೋದವು. ತಾತ ಬಾಗಿಲ ಚೌಕಟ್ಟಿಗೆ ತಾಕತೊಡಗಿದರು, ಆಮೇಲೆ ಬಯಲಿಗೆ ನನ್ನ ಭುಜ ಹಿಡಿದು ಬರತೊಡಗಿದರು. ಒಂದು ಸಂಜೆ ಮಳೆ ನಿಂತು, ನೀರಿನಾಚೆಯ ಜೊಹೊರ್ ಕಡೆಯಿಂದ ಹದವಾದ ಗಾಳಿ ಬೀಸುತ್ತಿತ್ತು. ಟೋಫು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಯಾರ ಕಾಲಿಗೂ ಸುತ್ತಿಕೊಳ್ಳಲಿಲ್ಲ. ತಟ್ಟನೆ ಅದರ ಮೋಟು ಬಾಲದ ಆಟವೇ ಬದಲಾಯಿತು. ನಾನು ಹಗ್ಗ ಸಡಿಲಿಸಿದೆ. ಹುಲ್ಲಿನೊಳಗಿಂದ ಮುಷ್ಟಿಯಷ್ಟು ಗಾತ್ರದ ಕಂದು ಲಾವಕ್ಕಿಯೊಂದು ಭರ್ರನೆ ಎದ್ದು ಬಲಕ್ಕೆ ಹಾರಿತು. ತಾತನ ಕೊಡೆ ಭುಜಕ್ಕೇರಿ ಆ ಸದ್ದಿನ ಹಿಂದೆಯೇ ತಿರುಗಿ, ಸದ್ದು ನಿಂತಲ್ಲಿ ನಿಂತಿತು. ಅವರ ಮುಖ ಮಾತ್ರ ಬೇರೆಲ್ಲೋ ಇತ್ತು.

"ಎದ್ದಿತಲ್ವೇನೇ ಪುಟ್ಟಿ?"

"ಎದ್ದಿತು ತಾತಾ!"

"ನೀನು ನೋಡಿದ್ಯಾ?"

"ನೋಡ್ದೆ ಲಾ!" ಎಂದೆ, ಸಿಂಗಪುರದ ಮಕ್ಕಳ ಧಾಟಿಯಲ್ಲಿ.

ಅವರು ಕೊಡೆಯನ್ನು ನಿಧಾನವಾಗಿ ಇಳಿಸಿದರು. "ಹಂಗಾದ್ರೆ ಹೇಳು, ಹೆಂಗಿತ್ತು?"

"ಬ್ರೌನ್ ಕಲರ್, ಫಾಸ್ಟಾಗಿ ಹೋಯ್ತು" ಎಂದೆ. ನನ್ನ ಕನ್ನಡ ಅಷ್ಟಕ್ಕೇ ಮುಗಿದಿತ್ತು. ತಾತ ಬಿಡಲಿಲ್ಲ. ರೆಕ್ಕೆ ಹೆಂಗೆ ಬಡೀತು? ಎದೆ ಮೇಲೆ ಗೆರೆ ಇತ್ತಾ? ದಾರಿಯುದ್ದಕ್ಕೂ ಕೇಳಿದರು, ನಾನು ಹೇಳುತ್ತಾ ಹೋದೆ. ಗೇಟಿನ ಹತ್ತಿರ ಹಕ್ಕಿ ಪಾರಿವಾಳದಷ್ಟಾಯಿತು, ಲಿಫ್ಟಿನಲ್ಲಿ ಗೌಜಲಹಕ್ಕಿಯಾಯಿತು, ಊಟಕ್ಕೆ ಕೂತಾಗ ಅಮ್ಮನಿಗೆ ತಾತ ಹೇಳಿದ್ದು ಕೋಳಿಯಷ್ಟು ದೊಡ್ಡ ಹಕ್ಕಿಯ ಬಗ್ಗೆ. "ಹೌದೇನೇ?" ಎಂದು ಅಮ್ಮ ನನ್ನತ್ತ ತಿರುಗಿದಳು. ನಾನು ಹೌದೆಂದೆ.

ತಾತ ಈಗಿಲ್ಲ, ಟೋಫುವೂ ಇಲ್ಲ. ಆ ಬಯಲಿನಲ್ಲಿ ಫ್ಲ್ಯಾಟುಗಳೆದ್ದು ಎಷ್ಟೋ ಕಾಲವಾಯಿತು. ನಿಮಗೂ ಹೀಗೊಂದು ಮನೆ, ಹೀಗೊಂದು ಸಂಜೆ ಇದ್ದೀತು. ಸಾಕ್ಷಿಗೆ ನೀವೊಬ್ಬರೇ ಉಳಿದಿರಬಹುದು. ಆ ಹಕ್ಕಿಯನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಈಗ ಕಣ್ಣು ಮುಚ್ಚಿದರೆ ಅದು ಹುಲ್ಲಿನಿಂದ ಏಳುತ್ತದೆ, ಎದೆಯ ಗೆರೆಗಳೂ ಸ್ಪಷ್ಟವಾಗಿ ಕಾಣುತ್ತವೆ, ಮತ್ತು ಅದು ಕೋಳಿಯಷ್ಟು ದೊಡ್ಡದಾಗಿದೆ.