ಮೆಲ್ಲಗೆ ನುಡಿಸುವವರಿಗೂ ಒಂದು ಪಿಕಪ್

ಬೆಳಗಿನ ಐದೂವರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಕಿಟಕಿ ಮುಚ್ಚಿದೆ, ಫ್ಯಾನ್ ನಿಂತಿದೆ. ಮೇಜಿನ ಮುಂದೆ ಕೂತ ಐವತ್ತೊಂಬತ್ತರ ಹೆಂಗಸು ಉಸಿರನ್ನೂ ಅಳೆದು ಬಿಡುತ್ತಿದ್ದಾರೆ. ಹೊಲಿಗೆ ಯಂತ್ರದಿಂದ ಬಿಚ್ಚಿದ ಮೋಟಾರು ಗುಂಯ್ ಎನ್ನುತ್ತಿದೆ. ಅದರ ತುದಿಯಲ್ಲಿ ಬೆರಳುದ್ದದ ಅಚ್ಚೊಂದು ತಿರುಗುತ್ತಿದೆ. ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿ ಅವರ ಹೆಬ್ಬೆರಳು, ತೋರುಬೆರಳುಗಳ ನಡುವಿನಿಂದ ಜಾರಿ ಅಚ್ಚಿಗೆ ಸುತ್ತಿಕೊಳ್ಳುತ್ತಿದೆ. ಎಂಟು ಸಾವಿರ ಸುತ್ತು ಆಗಬೇಕು. ಏಳು ಸಾವಿರದ ಒಂಬೈನೂರರಲ್ಲಿ ತುಂಡಾದರೂ ಮತ್ತೆ ಮೊದಲಿನಿಂದ ಶುರು.

"ಆರೂಕಾಲಿಗೆ ಮೊದಲ ಬಸ್ಸು. ಅದು ಬಂತು ಅಂದ್ರೆ ಮೇಜು ನಡುಗುತ್ತೆ, ತಂತಿ ಪಟ್ ಅನ್ನುತ್ತೆ. ಅದಕ್ಕೇ ಬಸ್ಸಿಗಿಂತ ಮುಂಚೆ ನಾನೇ ಹೊರಡ್ತೀನಿ," ಎನ್ನುತ್ತಾರೆ, ಕಣ್ಣೆತ್ತದೆ.

ಇವರು ಸುತ್ತುತ್ತಿರುವುದು ಎಲೆಕ್ಟ್ರಿಕ್ ಗಿಟಾರಿನ ಪಿಕಪ್. ಗಿಟಾರಿನ ತಂತಿಗಳ ಕೆಳಗೆ ಕೂರುವ ಪಟ್ಟಿ ಅದು. ಒಳಗೆ ಆರು ಆಯಸ್ಕಾಂತದ ಕಡ್ಡಿ, ಅವುಗಳ ಸುತ್ತ ತಾಮ್ರದ ಸುರುಳಿ, ಅಂದರೆ ಕಾಯಿಲ್. ಮೇಲಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟಿ, ಆಂಪ್ಲಿಫೈಯರಿಗೆ ಹೋಗಿ ನಾದವಾಗುತ್ತದೆ. ಅದು ಕೆಟ್ಟವರು, ಅಥವಾ ಇರುವ ನಾದ ಬೇಸರವಾದವರು, ಹೊಸದು ಯಾವುದು ಹಾಕಿಸಲಿ ಎಂದು ಕೇಳಿಕೊಂಡು ಈ ಮೆಟ್ಟಿಲು ಹತ್ತುತ್ತಾರೆ. ಎಲ್ಲರ ಬಾಯಲ್ಲೂ ಇವರು 'ಕಾಯಿಲ್ ಅಕ್ಕ'.

"ಫೋನಲ್ಲಿ ಕೆಲವರಿಗೆ ಕಾಯಿಲೆ ಅಕ್ಕ ಅಂತ ಕೇಳಿಸಿ, ಈಗ ಹುಷಾರಾಗಿದ್ದೀರಾ ಅಂತಾರೆ. ಹೂಂ, ಪರವಾಗಿಲ್ಲ ಅಂದುಬಿಡ್ತೀನಿ."

ಇಪ್ಪತ್ತೆರಡು ವರ್ಷ ಅವರು ಫ್ಯಾನ್ ಕಾರ್ಖಾನೆಯೊಂದರಲ್ಲಿ ಮೋಟಾರಿಗೆ ಕಾಯಿಲ್ ಸುತ್ತಿದವರು. ಟೈಲರ್ ಆಗಿದ್ದ ಗಂಡ ತೀರಿಕೊಂಡ ವರ್ಷವೇ ಕಾರ್ಖಾನೆಗೂ ಬೀಗ ಬಿತ್ತು. ಮನೆಯಲ್ಲಿ ಉಳಿದದ್ದು ಓದುವ ಮಗ ಮತ್ತು ಗಂಡನ ಹೊಲಿಗೆ ಯಂತ್ರ. ಹೊಲಿಯಲು ಕೂತರೆ ಅಳು ಬರುತ್ತಿತ್ತಂತೆ. ಆಗ ಬೀದಿ ಕೊನೆಯ ವಾದ್ಯ ರಿಪೇರಿಯವನು ಸತ್ತ ಪಿಕಪ್ ಒಂದನ್ನು ತಂದು, "ಇದೂ ಕಾಯಿಲ್ ತಾನೇ ಅಕ್ಕಾ, ನೋಡಿ" ಎಂದ. ಮೊದಲ ಪಿಕಪ್ ಸುತ್ತುವಾಗ ತಂತಿ ಹದಿನೇಳು ಸಲ ತುಂಡಾಯಿತು. ಹದಿನೆಂಟನೆಯ ಸಲ ತುಂಡಾಗದೆ ನಿಂತಿತು. ಅದಾಗಿ ಹನ್ನೊಂದು ವರ್ಷ. ಈಗ ದಿನಕ್ಕೆ ಎರಡು ಸುತ್ತುತ್ತಾರೆ, ಮೈ ಸರಿಯಿದ್ದರೆ ಮೂರು.

ಕಾರ್ಖಾನೆಯ ಗದ್ದಲ ಅವರ ಕಿವಿಯಿಂದ ಚೂಪಾದ ಸಣ್ಣ ದನಿಗಳನ್ನೆಲ್ಲ ಕಿತ್ತುಕೊಂಡಿದೆ. ಹಕ್ಕಿಯ ಚಿಲಿಪಿಲಿ ಕೇಳಿಸದು, ಕುಕ್ಕರಿನ ಸೀಟಿ ಅರ್ಧಂಬರ್ಧ. ಅದಕ್ಕೇ ಪ್ರತಿ ಗಿಟಾರಿನ ಎತ್ತರದ ಸ್ವರಗಳನ್ನು ಕೇಳಿ ಹೇಳುವ ಕೆಲಸ ಸೊಸೆಯದು. ಔಷಧಿ ಅಂಗಡಿಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳು ಕಾಲು ಗಂಟೆ ಇಲ್ಲಿ ಕೂರುತ್ತಾಳೆ. "ಚುಚ್ಚುತ್ತೆ ಅತ್ತೆ", "ಈಗ ಸರಿ ಅತ್ತೆ", ಇಷ್ಟೇ ಅವಳ ತೀರ್ಪು.

"ಸೊಸೆ ಮಾತು ಕೇಳೋ ಅತ್ತೆ ಈ ಬೀದಿಗೆಲ್ಲ ನಾನೊಬ್ಬಳೇ," ಎಂದು ಅತ್ತೆ ನಗುತ್ತಾರೆ. "ಕೇಳದೆ ವಿಧಿಯಿಲ್ಲ, ಅದು ಬೇರೆ ಮಾತು."

ಬರುವವರಲ್ಲಿ ಹೆಚ್ಚಿನವರು ಕೇಳುವುದು ಎಲ್ಲಕ್ಕಿಂತ ಜೋರಾದ ಪಿಕಪ್. ಅಕ್ಕ ಮೊದಲು ಒಂದು ಸ್ಟೂಲು ಎಳೆದು, "ನುಡಿಸಿ ನೋಡೋಣ" ಎನ್ನುತ್ತಾರೆ. ಎಲ್ಲಿ ನುಡಿಸುತ್ತೀರಿ, ಕೋಣೆಯಲ್ಲೋ ವೇದಿಕೆಯಲ್ಲೋ? ಈಗಿನ ನಾದದಲ್ಲಿ ಏನು ಸಾಲದು? ಅರ್ಧದಷ್ಟು ಜನರನ್ನು ಅವರು ಹೊಸ ತಂತಿ ಹಾಕಿಸಿಕೊಳ್ಳಿ ಎಂದೋ, ಇರುವ ಪಿಕಪ್ಪನ್ನೇ ಸ್ಕ್ರೂ ತಿರುಗಿಸಿ ಒಂದೆಳೆ ತಗ್ಗಿಸಿಯೋ ವಾಪಸು ಕಳಿಸುತ್ತಾರೆ. "ಮೂಗಿಗಿಂತ ಮೂಗುತಿ ಭಾರ ಆಗಬಾರದು ನೋಡಿ. ಸುತ್ತು ಜಾಸ್ತಿಯಾದಷ್ಟೂ ದನಿ ದಪ್ಪ ಆಗುತ್ತೆ, ಆದ್ರೆ ಸ್ವರ ಸ್ವರ ಬಿಡಿಬಿಡಿಯಾಗಿ ಕೇಳಲ್ಲ, ಮುದ್ದೆಯಾಗುತ್ತೆ."

ಈ ಮಾತನ್ನು ಅವರು ಸ್ವತಃ ಒಮ್ಮೆ ಮರೆತಿದ್ದರು. ಅದನ್ನು ಹೇಳುವಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ.

ಕಳೆದ ವರ್ಷ ಒಬ್ಬ ಹೆಂಗಸು ಗಿಟಾರ್ ಹೊತ್ತು ಬಂದರು. ಅವರ ಗಂಡ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು. ಎರಡು ವರ್ಷದ ಮೇಲೆ ಕೈ ಅಷ್ಟಿಷ್ಟು ಆಡತೊಡಗಿದರೂ ತಂತಿಯನ್ನು ಸವರುವಷ್ಟೇ ಬಲ. ಆಂಪ್ಲಿಫೈಯರ್ ಜೋರು ಮಾಡಿದರೆ ಹಳೆಯ ಪಿಕಪ್ಪಿನ ಗುಂಯ್‌ಗುಡುವಿಕೆ ಹಾಡನ್ನೇ ನುಂಗುತ್ತಿತ್ತು. "ಬಲವಾದದ್ದು ಯಾವುದಿದೆಯೋ ಅದನ್ನೇ ಹಾಕ್ಬಿಡಿ ಅಕ್ಕಾ," ಎಂದು ಹೆಂಡತಿ ಬೇಡಿಕೊಂಡರು. ನುಡಿಸುವವರನ್ನು ಕಾಣದೆಯೇ ಅಕ್ಕ ಒಪ್ಪಿ, ಬಲವಾದದ್ದನ್ನೇ ಕೂರಿಸಿ ಕಳಿಸಿದರು.

ವಾರದಲ್ಲಿ ಗಿಟಾರ್ ಮತ್ತೆ ಮೆಟ್ಟಿಲು ಹತ್ತಿ ಬಂತು. ಮೇಷ್ಟ್ರ ಕೈಯ ಒಂದೊಂದು ನಡುಕವನ್ನೂ, ಉಗುರು ತಾಕಿದ ಸದ್ದನ್ನೂ ಹೊಸ ಪಿಕಪ್ ಮನೆ ತುಂಬಾ ಡಂಗುರ ಸಾರಿತ್ತು. ಅವರು ಗಿಟಾರ್ ಕೆಳಗಿಟ್ಟು, "ಮಾರಿಬಿಡು" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದ್ದರಂತೆ.

"ನನ್ನ ಕೈಯಾರೆ ಅವರ ಸೋಲನ್ನ ಜೋರು ಮಾಡಿ ಕಳಿಸಿದ್ದೆ," ಎನ್ನುತ್ತಾರೆ ಅಕ್ಕ.

ಮರುದಿನ ಅವರೇ ಮೇಷ್ಟ್ರ ಮನೆಗೆ ಹೋದರು. ಯಾವ ಯಂತ್ರಕ್ಕೂ ಜೋಡಿಸದೆ, ಸುಮ್ಮನೆ ಹೆಬ್ಬೆರಳಲ್ಲಿ ನುಡಿಸಿ ಎಂದರು. ಬಹಳ ಹೊತ್ತು ಮೇಷ್ಟ್ರು ಒಪ್ಪಲಿಲ್ಲ. "ಏನು ಕೇಳ್ತೀರಮ್ಮಾ, ಇದರಲ್ಲಿ ಏನೂ ಉಳಿದಿಲ್ಲ," ಎಂದರು. ಕೊನೆಗೆ ನುಡಿಸಿದರು. ಅಕ್ಕ ಕಿವಿಯನ್ನು ನಂಬದೆ ಗಿಟಾರಿನ ಮರದ ಮೇಲೆ ಅಂಗೈ ಇಟ್ಟು ಕೂತರು. ನಡುಗುವ ಬೆರಳ ಕೆಳಗೆ ಹಾಡು ಒಂದಿಷ್ಟೂ ತಪ್ಪದೆ ಹರಿಯುತ್ತಿತ್ತು.

"ಅವರಿಗೆ ಜೋರು ಬೇಕಿರಲಿಲ್ಲ. ಮೆಲ್ಲಗೆ ನುಡಿಸಿದ್ದು ಮೆಲ್ಲಗಿದ್ದ ಹಾಗೇ ಕೇಳಿಸಬೇಕಿತ್ತು."

ಕೋಣೆಗೆ ಮರಳಿ ಅವರು ಎರಡು ಸಣ್ಣ ಸುರುಳಿಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿದರು. ಹಾಗೆ ಮಾಡಿದರೆ ಒಂದರ ಗುಂಯ್‌ಕಾರವನ್ನು ಇನ್ನೊಂದು ಅಳಿಸುತ್ತದೆ. ಆಂಪ್ಲಿಫೈಯರನ್ನು ಎಷ್ಟು ಏರಿಸಿದರೂ ಹಾಡಷ್ಟೇ ಉಳಿಯುತ್ತದೆ. ಸುತ್ತು ಕಡಿಮೆ ಮಾಡಿದರು, ಆಯಸ್ಕಾಂತವನ್ನೂ ಸೆಳೆತ ಕಡಿಮೆ ಇರುವುದನ್ನೇ ಆರಿಸಿದರು. ಮೂರು ಸಲ ಸೊಸೆ ತಲೆಯಾಡಿಸಿ ಬೇಡ ಎಂದಳು. ನಾಲ್ಕನೆಯ ಸಲ ಅಂಗಡಿಗೆ ತಡವಾದರೂ ಎದ್ದು ಹೋಗದೆ ಕೇಳುತ್ತ ಕೂತಳು.

ಅಕ್ಕ ಮನೆಗೇ ಹೋಗಿ ಅದನ್ನು ಕೂರಿಸಿದ ದಿನ ಮೇಷ್ಟ್ರು ನುಡಿಸತೊಡಗಿದಾಗ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಿದರು. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಅರ್ಧ ಹಾಡಾದ ಮೇಲೆ ಮೇಷ್ಟ್ರು ಕತ್ತೆತ್ತಿ, "ನಾನೇ ಕಣೇ ಇದು," ಎಂದರು.

ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದರಂತೆ: "ಇಷ್ಟು ವರ್ಷದಿಂದ ಗಿಟಾರ್ ಸರಿ ಮಾಡ್ತೀರಲ್ಲ, ನಿಮಗೆ ನುಡಿಸೋಕೆ ಬರುತ್ತಾ?"

ಬರುತ್ತಿರಲಿಲ್ಲ. ಬರಿಯ ಆರು ತಂತಿ ಮೀಟಿ ಪರೀಕ್ಷಿಸುವುದಷ್ಟೇ ಗೊತ್ತಿತ್ತು. ಈಗ ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕ ಮೇಷ್ಟ್ರ ಮನೆಗೆ ಪಾಠಕ್ಕೆ ಹೋಗುತ್ತಾರೆ. ಕಾಯಿಲೆ ಬಿದ್ದ ಮೇಲೆ ಮೇಷ್ಟ್ರು ಸೇರಿಸಿಕೊಂಡ ಮೊದಲ ಶಿಷ್ಯೆ ಇವರೇ.

ಇನ್ನೇನು ಆಸೆ ಅಕ್ಕಾ ಎಂದು ಕೇಳುತ್ತೇನೆ. ಬೆರಳ ತುದಿಯಲ್ಲಿ ಮೂಡಿರುವ ಹೊಸ ಜಡ್ಡನ್ನು ಸವರಿಕೊಳ್ಳುತ್ತಾರೆ.

"ಒಂದೇ ಒಂದು ಹಾಡು ಪೂರ್ತಿ ಕಲೀಬೇಕು. ಎರಡು ಸಾಲು ಬಂದಿದೆ, ಮೂರನೇದು ಬೆರಳಿಗೆ ಒಗ್ತಾನೇ ಇಲ್ಲ. ಮೇಷ್ಟ್ರು ಹೋದ ವಾರ ಚೆನ್ನಾಗಿ ಬೈದ್ರು, ಮುಂಚೆ ಶಾಲೆ ಮಕ್ಕಳಿಗೆ ಬೈತಿದ್ದ ಹಾಗೇ ಅಂತೆ. ಅವರ ಹೆಂಡತಿ ಒಳಗಿಂದ ಓಡಿ ಬಂದು, ನನ್ನ ಕೈ ಹಿಡ್ಕೊಂಡು, 'ಬೈಸ್ಕೊಳ್ಳಿ ಅಕ್ಕಾ, ಇನ್ನೂ ಸ್ವಲ್ಪ ಬೈಸ್ಕೊಳ್ಳಿ' ಅಂದ್ರು."