ಅಂಟುಮುಳ್ಳಿನ ಗುರುತು ಹಿಡಿದ ಕುರಿಯಕ್ಕ

ಬೆಳಕು ಹರಿಯುವ ಹೊತ್ತು. ತೊರೆಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತ ಮಹಿಳೆಯೊಬ್ಬರು ಒದ್ದೆ ಮಣ್ಣಿನಿಂದ ಎಳೆ ಸಸಿಗಳನ್ನು ಬೇರುಸಮೇತ ಕಿತ್ತು ಗೋಣಿಚೀಲಕ್ಕೆ ತುಂಬುತ್ತಿದ್ದಾರೆ. ಹಿಂದೆ ದೊಡ್ಡಿಯಲ್ಲಿ ಕುರಿಗಳ ಗಲಾಟೆ. "ಸುಮ್ನಿರ್ರೇ, ಬಂದೆ! ಮೊದ್ಲು ಈ ಮಾರಿ ತೊಲಗ್ಲಿ," ಎಂದು ತಿರುಗದೆಯೇ ಗದರುತ್ತಾರೆ. ಊರಿಗೆಲ್ಲ ಇವರು ಕುರಿಯಕ್ಕ.

ಗಂಡ ತೀರಿಕೊಂಡ ಮೇಲೆ ಕುರಿ ಸಾಕಿ, ಉಣ್ಣೆ ಮಾರಿ ಮಗಳನ್ನು ಬೆಳೆಸಿದವರು. ಉಣ್ಣೆಗೆ ಅಂಟಿದ ಕೊಕ್ಕೆಮುಳ್ಳಿನ ಕಾಯಿ ಬಿಡಿಸಿ ಬಿಡಿಸಿ ಬೆರಳ ತುದಿ ದಡ್ಡುಗಟ್ಟಿದೆ. 'ಅಂಟುಮುಳ್ಳು' ಎಂದು ಬೈದುಕೊಳ್ಳುವುದು ಬಿಟ್ಟರೆ ಆ ಗಿಡದ ಬಗ್ಗೆ ಅವರಿಗೂ ಹೆಚ್ಚೇನೂ ಗೊತ್ತಿರಲಿಲ್ಲ.

ಕಳೆದ ವರ್ಷ ನೆರೆ ಇಳಿದಾಗ, ದಂಡೆಯ ಹೊಸ ಹಸಿರು ಕಂಡು ಮೊದಲು ಮಂದೆ ಇಳಿಸಿದ್ದು ಇವರೇ. ಮರುದಿನದಿಂದ ಕುರಿಗಳು ತತ್ತರಿಸಿ, ಕತ್ತು ಸೆಟೆದು ಸಾಯತೊಡಗಿದವು. ಅಂಟುರೋಗವೆಂದು ಸುದ್ದಿ ಹಬ್ಬಿತು. ಅದೇ ದಂಡೆಯಲ್ಲಿ ಕುರಿ ಮೇಯಿಸುವವರೆಲ್ಲ ಇವರ ಬಾಗಿಲಿಗೆ ಬಂದರು. ಗಂಡನ ಅಣ್ಣನೇ ಮುಂದೆ ನಿಂತು, "ಉಳಿದಿದ್ದನ್ನ ಕೊಂದು ಹೂತುಬಿಡು. ಇಲ್ಲಾ, ಮಂದೆ ಹೊಡ್ಕೊಂಡು ಊರು ಬಿಡು," ಎಂದರಂತೆ.

"ಯಾಕೆ ಸತ್ತ್ವು ಅಂತ ತಿಳಿಯೋವರೆಗೂ ಒಂದು ಕುರೀನೂ ಮುಟ್ಟೋಕೆ ಬಿಡಲ್ಲ ಭಾವ ಅಂದೆ. ದೊಡ್ಡಿ ಬಾಗಿಲಿಗೆ ಅಡ್ಡ ನಿಂತ್ಕೊಂಡೆ."

ಪಶುವೈದ್ಯೆ ಬಂದು ಸತ್ತ ಕುರಿಯ ಹೊಟ್ಟೆ ಸೀಳಿದಾಗ ಅರೆಜಗಿದ ಎಲೆ ಸಿಕ್ಕವು: ಉದ್ದ, ದಪ್ಪ, ನುಣುಪು. ಯಾವ ಗಿಡದ್ದೆಂದು ಇಬ್ಬರಿಗೂ ಹೊಳೆಯಲಿಲ್ಲ. ದಂಡೆಯುದ್ದಕ್ಕೂ ಹುಡುಕಿದರು. ಅಂಥದೇ ಎಲೆಯ ಸಸಿಯೊಂದನ್ನು ಕುರಿಯಕ್ಕ ಮೆಲ್ಲಗೆ ಎಬ್ಬಿಸಿದರೆ, ಬುಡಕ್ಕೆ ಕಚ್ಚಿಕೊಂಡೇ ಇತ್ತು ಕೊಕ್ಕೆಮುಳ್ಳಿನ ಹಳೆಯ ಕಾಯಿ!

"ಡಾಕ್ಟ್ರಮ್ಮಾ, ಇದು ಅಂಟುಮುಳ್ಳಿನ ಮರಿ!"

"ಹಾಗಾದ್ರೆ ಮರುಳುಮ್ಮತ್ತಿ. ಅದರ ಮೊಳಕೆ ವಿಷ ಕಣಕ್ಕಾ," ಎಂದರು ವೈದ್ಯೆ. ಬೆಳೆದ ಗಿಡದ ಒರಟು ಎಲೆಗೆ ಕುರಿ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಕೊಲ್ಲುವುದು ಮೊಳಕೆಯ ಮೊದಲೆರಡು ಎಲೆ.

ಸಸಿ ಹಿಡಿದು ಕುರಿಯಕ್ಕ ನೇರ ಭಾವನ ಅಂಗಳಕ್ಕೇ ನಡೆದರು. "ರೋಗ ನೋಡ್ಬೇಕಿತ್ತಲ್ಲ, ನೋಡಿ ಭಾವ. ನಿಮ್ಮ ಕುರಿ ಮೈಮೇಲೂ ಇದೇ ಕಾಯಿ ನೇತಾಡ್ತಿದೆ. ಈಗ ಯಾರು ಊರು ಬಿಡೋದು?"

ಯಾರೂ ತಪ್ಪಾಯಿತೆನ್ನಲಿಲ್ಲ. ಭಾವ ಇವತ್ತಿಗೂ ಮಾತು ಬಿಟ್ಟಿದ್ದಾರೆ. ಆದರೆ ಅವರ ಮಂದೆಯೂ ಕುರಿಯಕ್ಕ ಹಸನು ಮಾಡಿದ ದಂಡೆಯಲ್ಲೇ ಮೇಯುತ್ತದೆ. ಅವರ ಪಾಲಿನ ಸಸಿಗಳನ್ನೂ ನೀವೇಕೆ ಕೀಳಬೇಕು ಎಂದರೆ ಕುರಿಯಕ್ಕ ಕಣ್ಣು ಕೆಕ್ಕರಿಸುತ್ತಾರೆ.

"ಜಗಳ ಇರೋದು ಭಾವನ ಜೊತೆ, ಕುರಿ ಏನ್ಮಾಡ್ತು? ಹೊರಟುಹೋಗು ಅಂದ್ರಲ್ಲ, ನಾನಿರೋವರೆಗೂ ಈ ದಂಡೇಲಿ ನನ್ನ ಕುರೀನೂ ಸಾಯಲ್ಲ, ಅವರದ್ದೂ ಸಾಯಲ್ಲ. ದಿನಾ ನೋಡ್ಕೊಂಡು ಇರ್ಲಿ."