ಶೇಂಗಾಳ ದವಡೆ ಹಲ್ಲು

ಸಂಶಯಪಡುವುದಕ್ಕೆಂದೇ ನನಗೆ ಸಂಬಳ ಕೊಡುತ್ತಾರೆ. ಗೋವಾದ ಮುರ್ಮುಗಾಂವ್ ಬಂದರಿಗೆ ಬರುವ ಅದಿರಿನ ತೂಕ ಕಾಗದದಲ್ಲಿ ಬರೆದಷ್ಟೇ ಇದೆಯೇ ಎಂದು ನೋಡುವ ಕಚೇರಿಯಲ್ಲಿ ನನ್ನ ಕೆಲಸ. ಕಷ್ಟವೆಂದರೆ, ಸಂಜೆ ಕಚೇರಿಗೆ ಬೀಗ ಬಿದ್ದರೂ ಸಂಶಯ ಮಾತ್ರ ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತು ವಾಸ್ಕೋದ ಮನೆಗೆ ಬಂದುಬಿಡುತ್ತದೆ. ಹಾಲಿನಲ್ಲಿ ನೀರು, ಹವಾಮಾನದ ವರದಿ, ಹೆಂಡತಿಯ "ಐದ ನಿಮಿಷ ತಡೀರಿ" ಯಾವುದನ್ನೂ ನಾನು ಸುಮ್ಮನೆ ನಂಬಿದವನಲ್ಲ.

ಇಂಥವನ ಮನೆಗೆ ಎರಡು ಗಿನಿಪಿಗ್‌ಗಳು ಬಂದವು. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಪಂಜರ ಸಮೇತ ನನ್ನ ಮಗಳ ಕೈಗೆ ಕೊಟ್ಟು ಹೋದರು. ಹೆಸರಿನಿಂದಲೇ ನನ್ನ ಸಂಶಯ ಶುರುವಾಯಿತು. ಈ ಪ್ರಾಣಿ ಗಿನಿ ದೇಶದ್ದಲ್ಲ, ದಕ್ಷಿಣ ಅಮೆರಿಕದ ಬೆಟ್ಟಗಳದ್ದು; ಹಂದಿಯಂತೂ ಅಲ್ಲವೇ ಅಲ್ಲ, ಇಲಿಯ ದಾಯಾದಿ. ಎರಡೇ ಪದದ ಹೆಸರಿನಲ್ಲಿ ಎರಡು ಸುಳ್ಳು! ಮಗಳು ಮಾತ್ರ ಆ ತಕರಾರಿಗೆ ಕಿವಿಗೊಡದೆ, ಕಂದು ಬಣ್ಣದ್ದಕ್ಕೆ ಶೇಂಗಾ, ಕೆಂಪಗಿನದಕ್ಕೆ ಬೆಲ್ಲ ಎಂದು ಹೆಸರಿಟ್ಟಳು.

ಸಹೋದ್ಯೋಗಿ ಒಂದು ಹಾಳೆಯಲ್ಲಿ ಆರೈಕೆಯ ಕ್ರಮ ಬರೆದುಕೊಟ್ಟಿದ್ದರು. ವಾರಕ್ಕೊಮ್ಮೆ ತೂಗಬೇಕು, ಹಲ್ಲು, ಉಗುರು, ಕಿವಿ ನೋಡಬೇಕು. ಮನುಷ್ಯರ ಹಾಗೆಯೇ ಇವುಗಳ ದೇಹವೂ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು, ಆದ್ದರಿಂದ ದಿನಾ ಪೇರಲವೋ ದೊಣ್ಣಮೆಣಸಿನಕಾಯಿಯೋ ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಇವು ಕಾಯಿಲೆಯನ್ನು ಮುಚ್ಚಿಡುತ್ತವೆ. ಕಾಡಿನಲ್ಲಿ ಸೊರಗಿದ ಪ್ರಾಣಿಯನ್ನೇ ಬೇಟೆಗಾರ ಮೊದಲು ಹಿಡಿಯುವುದರಿಂದ, ಸಾಯುವ ಹಿಂದಿನ ದಿನದವರೆಗೂ ಗಟ್ಟಿಮುಟ್ಟಾಗಿರುವ ನಟನೆ ಮಾಡುತ್ತವಂತೆ. ಓದಿ ನನಗೆ ಒಳಗೊಳಗೇ ಖುಷಿಯಾಯಿತು. ಸಂಶಯಪಡಲೇಬೇಕಾದ ಸಾಕುಪ್ರಾಣಿ!

ಭಾನುವಾರ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯ ಮೇಲೆ ಅವುಗಳನ್ನು ಕೂರಿಸಿ ತೂಗುವುದು ನನ್ನ ಜವಾಬ್ದಾರಿಯಾಯಿತು. ಹಲ್ಲು ನೋಡಿದೆ, ಉಗುರು ಕತ್ತರಿಸಿದೆ. ಒಂದು ಕಾನೂನನ್ನೂ ತಂದೆ. ಹಾಳೆಯಲ್ಲಿ ಹುಲ್ಲು ಯಥೇಚ್ಛ ಕೊಡಿ ಎಂದಿತ್ತು. ಆದರೆ ನಮ್ಮೂರಿನ ಹುಲ್ಲಿನ ಮೇಲೆಲ್ಲ ಅದಿರಿನ ಕೆಂಪು ದೂಳು. ಆ ದೂಳನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹುಲ್ಲು ಬಂದ್. ಬದಲಿಗೆ ಸೌತೆಕಾಯಿ, ಕೊತ್ತಂಬರಿ, ಮೆತ್ತನೆಯ ಸೊಪ್ಪು.

ಮಳೆ ನಿಂತ ಮೇಲೆ ಶೇಂಗಾಳ ತೂಕ ಇಳಿಯತೊಡಗಿತು. ಮೂರು ಭಾನುವಾರ, ಮೂರು ಸಲವೂ ಕಡಿಮೆ. ಮೊದಲು ತಕ್ಕಡಿಯ ಮೇಲೆ ಸಂಶಯಪಟ್ಟು ಒಡೆಯದ ಸಕ್ಕರೆ ಪೊಟ್ಟಣವಿಟ್ಟು ನೋಡಿದೆ. ಅದರ ತಪ್ಪಿರಲಿಲ್ಲ. ಬೆಲ್ಲ ಅವಳ ಪಾಲನ್ನೂ ಕಸಿದು ತಿನ್ನುತ್ತಿದ್ದಾಳೆಂದು ಇಬ್ಬರ ತಟ್ಟೆ ಬೇರೆ ಮಾಡಿದೆ. ಆದರೂ ಇಳಿಯಿತು. ಉಳಿದವಳು ಯಲ್ಲವ್ವ.

ಯಲ್ಲವ್ವ ನಮ್ಮ ಮನೆಗೆಲಸದವಳು, ವಿಜಾಪುರದ ಕಡೆಯವಳು, ನನಗಿಂತ ಹಿರಿಯಳು. ಬಾಯ್ನಾ ಕಡಲತೀರದಲ್ಲಿದ್ದ ಗುಡಿಸಲನ್ನು ಸರಕಾರದವರು ಕೆಡವಿದ ಮೇಲೆ ಗುಡ್ಡದ ಮೇಲೊಂದು ಬಾಡಿಗೆ ಖೋಲಿ ಹಿಡಿದಿದ್ದಳು. ನಾವೆಲ್ಲ ಶಾಲೆ, ಕಚೇರಿಗೆ ಹೋದ ಮೇಲೆ ಎರಡು ತಾಸು ಮನೆ ಅವಳ ಕೈಯಲ್ಲೇ. ನಾನು ಹೆಚ್ಚಿಟ್ಟುಹೋದ ಪೇರಲ ಮಧ್ಯಾಹ್ನಕ್ಕೆ ತಟ್ಟೆಯಲ್ಲಿ ಇರುತ್ತಿರಲಿಲ್ಲ, ಶೇಂಗಾ ಮಾತ್ರ ಸೊರಗುತ್ತಿದ್ದಳು. ಲೆಕ್ಕ ಸರಳವಾಗಿ ಕಂಡಿತು. ಒಂದು ಶನಿವಾರ ಅವಳು ಪಾತ್ರೆ ತಿಕ್ಕುತ್ತಿದ್ದಾಗ, ಬಾಲ್ಕನಿಯ ಮೊಳೆಗೆ ನೇತುಹಾಕಿದ್ದ ಅವಳ ಚೀಲದ ಗಂಟು ಬಿಚ್ಚಿ ನೋಡಿದೆ. ಒಳಗೆ ಎರಡು ಪೇರಲ! ಗಂಟು ಕಟ್ಟಿ ಸುಮ್ಮನೆ ಬಂದೆ.

ಹೆಂಡತಿಗೆ ಹೇಳಿದೆ. ಅವಳು, "ಹುಚ್ಚರೇನ್ರಿ ನೀವು? ಆಕಿ ನಮ್ಮ ಮನಿಯಾಗ ಐದು ವರ್ಷ ಆತು, ಒಂದು ಚಮಚ ಅತ್ಲಾಗಿಂದ ಇತ್ಲಾಗ ಹೋಗಿಲ್ಲ" ಎಂದಳು. ಚಮಚ ಹೋಗಿರಲಿಕ್ಕಿಲ್ಲ, ಅದು ಪೇರಲವಲ್ಲವಲ್ಲ ಎಂದುಕೊಂಡೆ.

ಬುಧವಾರ ಅರ್ಧ ದಿನ ರಜೆ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳನ ಹಾಗೆ ನನ್ನದೇ ಮನೆಯೊಳಗೆ ಹೊಕ್ಕೆ.

ಯಲ್ಲವ್ವ ಬಾಲ್ಕನಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಶೇಂಗಾ ಅವಳ ತೊಡೆಯ ಮೇಲಿತ್ತು. ಕಳಿತ ಪೇರಲದ ತಿರುಳನ್ನು ಚಮಚದಿಂದ ಕೆರೆದು ಬೆರಳ ತುದಿಯಲ್ಲಿ ಅದರ ಬಾಯಿಗೆ ಹಚ್ಚುತ್ತಿದ್ದಳು. ಒದ್ದೆಯಾದ ಗದ್ದವನ್ನು ಸೆರಗಿನಿಂದ ಒರೆಸುತ್ತಿದ್ದಳು. ನನ್ನನ್ನು ಕಂಡು ಅವಳು ಬೆಚ್ಚಲೂ ಇಲ್ಲ.

"ಇದರ ಬಾಯಾಗ ಏನೋ ಆಗೇತ್ರಿ ಸಾಹೇಬ್ರ. ಕಡೀಲಾಕ ಬರವಲ್ದು, ಜೊಲ್ಲು ಸುರಿಯಾಕತ್ತೇತಿ. ನೀವು ಇಟ್ಟ ಪೇರಲ ಕಾಯಿ ಅದಾವು, ಅವನ್ನ ಎರಡೂ ತಟ್ಟಿಯಾಗಿಂದ ಬೆಲ್ಲಾನ ತಿಂತಾಳ. ಅದಕ್ಕ ನಮ್ಮ ಖೋಲಿ ಹಿಂದಿನ ಗಿಡದ್ದು ಹಣ್ಣು ತರ್ತೇನ್ರಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಮೊನ್ನಿ ಅಕ್ಕಾರಿಗೆ ಹೇಳಿದ್ನಿರಿ. ಸಾಹೇಬ್ರು ವಾರಾ ವಾರಾ ಹಲ್ಲು ನೋಡ್ತಾರ, ಅವರಿಗೆ ಗೊತ್ತಾಗ್ತೈತಿ ಅಂದ್ರು."

ನಾನು ನೋಡುತ್ತಿದ್ದುದು ಮುಂದಿನ ಹಲ್ಲುಗಳನ್ನು.

ಇಬ್ಬರೂ ಆಟೋ ಹಿಡಿದು ಪಶುವೈದ್ಯರಲ್ಲಿಗೆ ಹೋದೆವು. ಅವರು ಟಾರ್ಚು ಬಿಟ್ಟು ಬಾಯೊಳಗೆ ನೋಡಿ, ದವಡೆ ಹಲ್ಲುಗಳು ಬೆಳೆದು ನಾಲಿಗೆಯ ಮೇಲೆ ಕಮಾನು ಕಟ್ಟಿವೆ, ಇನ್ನೊಂದು ವಾರ ಕಳೆದಿದ್ದರೆ ಉಪವಾಸದಿಂದ ಸಾಯುತ್ತಿತ್ತು ಎಂದರು. ಇದುವರೆಗೆ ಜೀವ ಹಿಡಿದದ್ದು ಆ ಹಣ್ಣಿನ ತಿರುಳಿನಿಂದ. ಇವುಗಳ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ, ಒರಟು ಹುಲ್ಲು ಅಗಿದಾಗ ಸವೆಯುತ್ತವೆ. ಹುಲ್ಲು ಕೊಡುವುದಿಲ್ಲವೇ ಎಂದು ಕೇಳಿದರು. ದೂಳಿನ ಸಂಗತಿ ಹೇಳಿದೆ. ತೊಳೆದು ಕೊಡಬಹುದಿತ್ತಲ್ಲ ಎಂದರು. ಅಷ್ಟೇ. ಅರಿವಳಿಕೆ ಕೊಟ್ಟು ಹಲ್ಲು ಉಜ್ಜಿ ಗಿಡ್ಡ ಮಾಡಬೇಕು, ಇಷ್ಟು ಚಿಕ್ಕ ಜೀವ ಮತ್ತೆ ಏಳದೆಯೂ ಇರಬಹುದು ಎಂದು ಎಚ್ಚರಿಸಿದರು. ಇಂಥವು ಎಷ್ಟು ಮಾಡಿದ್ದೀರಿ ಎಂದು ಕೇಳಿಯೇ ಕೇಳಿದೆ. ಇದು ಎರಡನೆಯದು ಎಂದರು. ನನ್ನ ಜೀವಮಾನದಲ್ಲಿ ಅಷ್ಟು ಪ್ರಾಮಾಣಿಕ ಅಂಕಿಯನ್ನು ನಾನು ಕೇಳಿಲ್ಲ. ಒಪ್ಪಿ ಸಹಿ ಹಾಕಿದೆ.

ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕುಳಿತಾಗ ಯಲ್ಲವ್ವ ಮೆಲ್ಲಗೆ, "ಸಾಹೇಬ್ರ, ಶನಿವಾರ ನನ್ನ ಚೀಲಾ ಬಿಚ್ಚಿದ್ರಿ ಅಲ್ರಿ?" ಎಂದಳು.

"ನಿನಗ ಹ್ಯಾಂಗ ಗೊತ್ತಾತು?"

"ನಾ ಎಡಗೈಯಾಕಿ ಅದೇನ್ರಿ. ನನ್ನ ಗಂಟು ಬ್ಯಾರೆ. ನಿಮ್ದು ಬ್ಯಾರೆ."

ನಲವತ್ತು ವರ್ಷ ದಾಟಿದ ನನ್ನ ಸಂಶಯವಿದ್ಯೆ ಆ ಬೆಂಚಿನ ಮೇಲೆ ಶರಣಾಯಿತು. "ತಪ್ಪಾತು ಯಲ್ಲವ್ವ" ಎಂದೆ.

ಅವಳು ಬಾಗಿಲ ಕಡೆ ನೋಡುತ್ತಲೇ, "ಕೇಳಿದ್ರ ಹೇಳ್ತಿದ್ನಿರಿ" ಎಂದಳು. ಸಿಟ್ಟು ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಂದು ತಾಸಿನ ನಂತರ ಶೇಂಗಾ ತೂರಾಡುತ್ತ ಎದ್ದಳು. ಮೂರನೆಯ ದಿನ, ಯಲ್ಲವ್ವ ಗುಡ್ಡದಿಂದ ಕೊಯ್ದು ತಂದು, ನಾನು ನಾಲ್ಕು ನೀರಿನಲ್ಲಿ ತೊಳೆದ ಹುಲ್ಲಿನ ಎಸಳನ್ನು ಕರಕರ ಅಗಿದಳು. ಮಗಳು ಕುಣಿದಳು. ನಾನು ತಕ್ಷಣ ತಕ್ಕಡಿ ತರಲು ಎದ್ದೆ.

"ಬರೇ ತೂಗಿದ್ರ ಏನ್ ತಿಳೀತೈತ್ರಿ?" ಎಂದಳು ಯಲ್ಲವ್ವ. "ಒಂದೀಟು ತೊಡಿ ಮ್ಯಾಲ ಇಟ್ಕೊಂಡು ಕೂಡ್ರಿ."

ಕುಳಿತೆ. ಬೆಚ್ಚಗಿನ ಮುದ್ದೆ, ಅದರೊಳಗೆ ಓಡುವ ಪುಟ್ಟ ಎದೆ. ಬೆನ್ನ ಮೇಲೆ ಬೆರಳಾಡಿಸಿದರೆ ಎಲುಬು ಇನ್ನೂ ಸಿಗುತ್ತಿತ್ತು, ತಕ್ಕಡಿಯ ಯಾವ ಮುಳ್ಳೂ ತೋರಿಸದ ಲೆಕ್ಕ. ಇಷ್ಟು ತಿಂಗಳು ನಾನು ಇವಳನ್ನು ಪರೀಕ್ಷಿಸಿದ್ದೆ, ಎತ್ತಿಕೊಂಡಿರಲಿಲ್ಲ ಎಂದು ಹೊಳೆದು ಮನಸ್ಸು ಮೆತ್ತಗಾಗುತ್ತಿದ್ದ ಹೊತ್ತಿಗೇ ಇಸ್ತ್ರಿ ಮಾಡಿದ ಪ್ಯಾಂಟು ಒದ್ದೆಯಾಯಿತು. ಮೂತ್ರದ ಬಣ್ಣವನ್ನೂ ಗಮನಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಗಮನಿಸಿದೆ. ಸಂಶಯಕ್ಕೆ ಎಡೆಯೇ ಇಲ್ಲದಷ್ಟು ಆರೋಗ್ಯವಾಗಿತ್ತು.